ಸೋದರಮಾವ ಬಿಟ್ಟುಹೋದ ಬ್ರಿಟನಿಯ ಕಲ್ಲುಮನೆ: ಸರ್ಕಾರಕ್ಕಿಂತ ಸಿಮೆಂಟಿಗೆ ಹೆದರಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಕೆಲಸದ ಮೇಲೆ ಫ್ರಾನ್ಸಿನ ರೆನ್ ನಗರದಲ್ಲಿದ್ದೇನೆ. ಹೆಂಡತಿ ಇಲ್ಲಿನ ಬ್ರಿಟನಿ ಪ್ರಾಂತ್ಯದವಳು. ಅವಳ ಸೋದರಮಾವ ಎರಡು ತಿಂಗಳ ಹಿಂದೆ ತೀರಿಕೊಂಡರು. ಅವರಿಗೆ ಮಕ್ಕಳಿಲ್ಲ. ಫಿನಿಸ್ಟೇರ್ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ಅವರ ಹಳೇ ‘ಮನ್ವಾರ್’ ಈಗ ಇವಳ ಪಾಲಿಗೆ ಬರುತ್ತಿದೆ. 16ನೇ ಶತಮಾನದ್ದಂತೆ. ಗ್ರಾನೈಟ್ ಗೋಡೆ, ಸ್ಲೇಟ್ ಛಾವಣಿ, ಹಿಂಬದಿಗೆ ಸುರುಳಿ ಮೆಟ್ಟಿಲಿನ ಗೋಪುರ, ತೋಟದಲ್ಲಿ ಬಳ್ಳಿ ಮುಚ್ಚಿರುವ ದುಂಡನೆಯ ಪಾರಿವಾಳದ ಗೂಡು. ಮನೆ ಐತಿಹಾಸಿಕ ಸ್ಮಾರಕವೆಂದು ‘ಆಂಸ್ಕ್ರಿ’ ಆಗಿದೆ ಎಂದು ನೋಟರಿ ಹೇಳಿದರು. ಉತ್ತರಾಧಿಕಾರ ತೆರಿಗೆ 55% ಎಂದೂ ಹೇಳಿದರು. ‘ಇನ್ನು ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ, ಕೊನೆಗೆ ಸರ್ಕಾರವೇ ಕಿತ್ತುಕೊಳ್ಳುತ್ತದೆ, ಮಾರಿಬಿಡಿ’ ಎನ್ನುತ್ತಾರೆ ನೆಂಟರು. ಕೆಳಗಿನ ದೊಡ್ಡ ಕೋಣೆಯ ಗೋಡೆ ಸೊಂಟದೆತ್ತರದವರೆಗೆ ಒದ್ದೆ. ಗುತ್ತಿಗೆದಾರರೊಬ್ಬರು ಬಂದು ನೋಡಿ ಕೊಟೇಶನ್ ಕೊಟ್ಟಿದ್ದಾರೆ: ಗೋಡೆ ಕೊರೆದು ಕೆಮಿಕಲ್ ತುಂಬುವುದು, ಒಳಗಾರೆ ಕಿತ್ತು ಕಲ್ಲು ಕಾಣುವಂತೆ ಸಿಮೆಂಟ್ ಸಂದು ಹಾಕುವುದು, ಗೋಡೆಗೆ ತಾಗಿಸಿ ಸುತ್ತ ಚರಂಡಿ ತೋಡುವುದು, ಪಿವಿಸಿ ಕಿಟಕಿ. ನಾವೇನು ಮಾಡಬೇಕು?

ಉತ್ತರ: ಸದ್ಯಕ್ಕೆ ಏನು ಮಾಡಬಾರದು ಅನ್ನುವುದನ್ನು ಮೊದಲು ಹೇಳುತ್ತೇನೆ. ಆ ಕೊಟೇಶನ್‌ಗೆ ಸಹಿ ಹಾಕಬೇಡಿ. ಮಾರಾಟದ ಮಾತಿಗೂ ಈಗಲೇ ಹೋಗಬೇಡಿ. ನಿಮ್ಮ ಪತ್ರದಲ್ಲಿ ಕಾನೂನಿನ ಭಯ, ಒದ್ದೆ ಗೋಡೆಯ ಭಯ, ತೆರಿಗೆಯ ಭಯ ಮೂರೂ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಮೂರಕ್ಕೂ ದಾರಿ ಬೇರೆ ಬೇರೆ. ಹಳೇ ಕಟ್ಟಡಗಳ ದುರಸ್ತಿಯೇ ನನ್ನ ಕಸುಬು. ಇಂಥ ಮನೆಗಳು ಸರ್ಕಾರದ ಕಾಗದದಿಂದ ಹಾಳಾಗಿದ್ದನ್ನು ನಾನು ನೋಡಿಲ್ಲ. ಒಳ್ಳೇ ಮನಸ್ಸಿನಿಂದಲೇ ಮೆತ್ತಿದ ಸಿಮೆಂಟಿನಿಂದ ಹಾಳಾದವನ್ನು ಬೇಕಾದಷ್ಟು ನೋಡಿದ್ದೇನೆ.

ನಿಮ್ಮ ಕೈಗೆ ಬಂದಿರುವುದು ಏನು ಅಂತ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಮನ್ವಾರ್ ಅಂದರೆ ಕೋಟೆಯಲ್ಲ, ಅರಮನೆಯೂ ಅಲ್ಲ. ಊರಲ್ಲಿ ಮರ್ಯಾದೆ ಇದ್ದ, ಆದರೆ ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೇ ಇದ್ದ ಸಣ್ಣ ಜಮೀನ್ದಾರರ ಮನೆ. ಬ್ರಿಟನಿಯ ಗಾದಿಗಾಗಿ 1341ರಲ್ಲಿ ಶುರುವಾದ ಯುದ್ಧ 1365ರ ಹೊತ್ತಿಗೆ ಮುಗಿಯಿತು. ಆಮೇಲೆ ಮಾಂಫೋರ್ ಮನೆತನದ ಡ್ಯೂಕರ ಕಾಲದಲ್ಲಿ ನಾಡು ಚೇತರಿಸಿಕೊಂಡಿತು. 15 ಮತ್ತು 16ನೇ ಶತಮಾನದಲ್ಲಿ ಇಂಥ ಮನೆಗಳು ಹಳ್ಳಿಹಳ್ಳಿಯಲ್ಲೂ ಎದ್ದವು. ಬ್ರಿಟನಿ ಫ್ರಾನ್ಸಿಗೆ ಸೇರಿದ್ದು 1532ರಲ್ಲಿ. ನಿಮ್ಮ ಮನೆ ಹೆಚ್ಚುಕಮ್ಮಿ ಆ ಹೊತ್ತಿನದು.

ಇವುಗಳ ವಿನ್ಯಾಸ ಸರಳ. ಕೆಳಗೆ ಒಂದು ದೊಡ್ಡ ಕೋಣೆ, ಒಂದು ತುದಿಯಲ್ಲಿ ಆಳೆತ್ತರದ ಒಲೆಗೂಡು, ಹಿಂದೆ ಮೆಟ್ಟಿಲಿನ ಗೋಪುರ, ಮೇಲೆ ಯಜಮಾನನ ಕೋಣೆ. ಮುಂದೆ ಅಂಗಳ. ಅಂಗಳದ ಗೋಡೆಯಲ್ಲಿ ಗಾಡಿಗೆ ದೊಡ್ಡ ಬಾಗಿಲು, ಪಕ್ಕದಲ್ಲೇ ಆಳು ಹೋಗಲು ಚಿಕ್ಕದು. ಒಮ್ಮೆ ಅಟ್ಟ ಹತ್ತಿ ಟಾರ್ಚ್ ಹಾಕಿ ನೋಡಿ. ಅಟ್ಟದ ತೊಲೆಗಳಲ್ಲಿ ಅಂಚು ಕೆತ್ತಿದ ನಯಗೆಲಸವೋ ಹಳೇ ಹೊಗೆಯ ಮಸಿಯೋ ಕಂಡರೆ, ಕೆಳಗಿನ ಕೋಣೆ ಮೊದಲು ಛಾವಣಿಯವರೆಗೂ ತೆರೆದಿತ್ತು, ನಡುವಿನ ಅಟ್ಟ ಆಮೇಲೆ ಬಂದದ್ದು ಅಂತ ತಿಳಿಯಬಹುದು. ಯಾರೂ ನೋಡದ ಕತ್ತಲಲ್ಲಿ ಯಾರೂ ಮರ ಕೆತ್ತಿಸುವುದಿಲ್ಲ, ಅಲ್ವಾ? ಸುರುಳಿ ಮೆಟ್ಟಿಲನ್ನೂ ಗಮನಿಸಿ. ಮೆಟ್ಟಿಲಿನ ಹಲಗೆ, ನಡುಗಂಬದ ತುಂಡು ಎರಡೂ ಸೇರಿ ಒಂದೇ ಕಲ್ಲು. ಒಂದರ ಮೇಲೊಂದು ಪೇರಿಸಿದಂತೆ ಕಂಬ ತಾನಾಗಿಯೇ ಬೆಳೆಯುತ್ತದೆ. ಇಂಥ ಮನೆ ರಿಪೇರಿಯಾದ ಮೇಲೆ ಹೇಗಿರುತ್ತದೆ ನೋಡಬೇಕಿದ್ದರೆ ಫಿನಿಸ್ಟೇರ್ ಜಿಲ್ಲೆಯಲ್ಲೇ ಮೆಲ್ಲಾಕ್ ಊರಿನ ಕೆರ್ನೋ ಮನ್ವಾರ್ ಇದೆ. ಸೇಂಟ್ ಮಾಲೋ ಕಡೆ ಹೋದರೆ ನಾವಿಕ ಜಾಕ್ ಕಾರ್ಟಿಯೇ ಇದ್ದ ಲಿಮೊಯೆಲೂ ಮನೆ ಈಗ ಮ್ಯೂಸಿಯಂ.

ಈಗ ಕಾನೂನು. ಫ್ರಾನ್ಸಿನ ಸ್ಮಾರಕ ರಕ್ಷಣೆಯ ಬುನಾದಿ 1913ರ ಡಿಸೆಂಬರ್ 31ರ ಕಾಯ್ದೆ. ಅದರಲ್ಲಿ ಎರಡು ದರ್ಜೆ. ಮೇಲಿನದು ‘ಕ್ಲಾಸೆ’. ಅಲ್ಲಿ ಪ್ರತಿ ಕೆಲಸಕ್ಕೂ ಪ್ರಾಂತ್ಯದ ‘ಪ್ರೆಫೆ’, ಅಂದರೆ ಸರ್ಕಾರದ ಪ್ರತಿನಿಧಿ ಅಧಿಕಾರಿಯ ಅನುಮತಿ ಬೇಕು. ಕೆಳಗಿನದು ‘ಆಂಸ್ಕ್ರಿ’, ಅಂದರೆ ನಿಮ್ಮದು. ನಿಮ್ಮ ನೆಂಟರು ಎರಡನ್ನೂ ಕಲಸಿ ಮಾತಾಡುತ್ತಿದ್ದಾರೆ. ಆಂಸ್ಕ್ರಿ ಮನೆಯಲ್ಲಿ ಜಾರಿದ ಸ್ಲೇಟನ್ನು ಅಂಥದ್ದೇ ಸ್ಲೇಟಿನಿಂದ ಬದಲಿಸುವುದು, ಛಾವಣಿಯಂಚಿನ ಮಳೆನೀರಿನ ದೋಣಿ ಸ್ವಚ್ಛ ಮಾಡುವುದು ಇಂಥ ಮಾಮೂಲಿ ರಿಪೇರಿಗೆ ಪರವಾನಗಿ ಬೇಕಿಲ್ಲ. ಕಿಟಕಿ ಬದಲಿಸುವುದು, ಛಾವಣಿ ಪೂರ್ತಿ ಹೊಸದಾಗಿ ಹೊದಿಸುವುದು ಇಂಥದ್ದಕ್ಕೆ ಊರಿನ ‘ಮೇರಿ’, ಅಂದರೆ ಪುರಸಭೆ ಕಚೇರಿಯಲ್ಲಿ ಕಟ್ಟಡ ಪರವಾನಗಿಯ ಅರ್ಜಿ ಹಾಕಬೇಕು. ಅದಕ್ಕೆ ಸಂಸ್ಕೃತಿ ಇಲಾಖೆಯ ಪ್ರಾಂತೀಯ ಕಚೇರಿ ‘ಡ್ರಾಕ್’ ಒಪ್ಪಿಗೆ ಬೇಕು. ಪರವಾನಗಿ ಬೇಡದ ಮಾರ್ಪಾಡು ಇದ್ದರೆ ನಾಲ್ಕು ತಿಂಗಳು ಮುಂಚೆ ತಿಳಿಸಬೇಕು. ಇಷ್ಟೇ.

ಸರ್ಕಾರ ಕಿತ್ತುಕೊಳ್ಳುತ್ತದೆ ಅನ್ನುವುದು ಸುಮ್ನೆ ಹಬ್ಬಿದ ಮಾತು. ಮನೆ ನಿಮ್ಮದೇ. ಮಾರಬಹುದು, ಬಾಡಿಗೆಗೆ ಕೊಡಬಹುದು, ಮಕ್ಕಳಿಗೆ ಬಿಡಬಹುದು. ಮಾರಿದರೆ ಹದಿನೈದು ದಿನದೊಳಗೆ ಇಲಾಖೆಗೆ ತಿಳಿಸಬೇಕು. ಸಾರ್ವಜನಿಕರಿಗೆ ಬಾಗಿಲು ತೆರೆಯಲೇಬೇಕೆಂಬ ನಿಯಮವೂ ಇಲ್ಲ. ನಿಜವಾಗಿ ಕಿರಿಕಿರಿ ಆಗುವುದು ನಿಮಗಲ್ಲ, ಅಕ್ಕಪಕ್ಕದವರಿಗೆ. 1943ರಿಂದ ಸ್ಮಾರಕದ ಸುತ್ತ 500 ಮೀಟರ್ ಒಳಗೆ, ಅಲ್ಲಿಂದ ಕಾಣುವಂತಿರುವ ಕಟ್ಟಡಗಳ ಮೇಲೂ ನಿಗಾ ಇದೆ. ಈಗ ಕೆಲವೆಡೆ ಆ ವೃತ್ತದ ಬದಲು ಸ್ಥಳಕ್ಕೆ ತಕ್ಕ ಗಡಿ ಗುರುತಿಸುತ್ತಾರೆ. ಪಕ್ಕದ ರೈತ ತನ್ನ ಶೆಡ್ಡಿನ ಬಣ್ಣದ ವಿಷಯಕ್ಕೆ ನಿಮ್ಮ ಮೇಲೆ ಮುನಿಸಿಕೊಂಡರೆ ಕಾರಣ ಇದು.

ಆದರೆ ಒಂದು ಕಾಗದ ನೀವು ಓದಲೇಬೇಕು. ರಕ್ಷಣೆಯ ಮೂಲ ಆದೇಶ. ಎಷ್ಟೋ ಸಲ ಇಡೀ ಮನೆ ರಕ್ಷಿತವಾಗಿರುವುದಿಲ್ಲ. ‘ಮುಂಭಾಗಗಳು ಮತ್ತು ಛಾವಣಿ, ಮೆಟ್ಟಿಲು, ಕೆಳಕೋಣೆಯ ಒಲೆಗೂಡು’ ಎಂದು ಬಿಡಿಬಿಡಿಯಾಗಿ ಬರೆದಿರುತ್ತಾರೆ, ಸರ್ವೆ ನಂಬರ್ ಸಮೇತ. ಹಾಗಿದ್ದರೆ ಒಳಗಿನ ಬೇರೆ ಕೋಣೆಗಳ ವಿಷಯದಲ್ಲಿ ನಿಮಗೆ ಸ್ವಾತಂತ್ರ್ಯ ಜಾಸ್ತಿ. ಪಾರಿವಾಳದ ಗೂಡು ಪಟ್ಟಿಯಲ್ಲಿದೆಯೋ ಇಲ್ಲವೋ ಅನ್ನುವುದೂ ಅಲ್ಲೇ ತಿಳಿಯುತ್ತದೆ. ಸಂಸ್ಕೃತಿ ಇಲಾಖೆಯ ‘ಪಾಪ್’ ಜಾಲತಾಣದಲ್ಲಿ ಮೆರಿಮೆ ಹೆಸರಿನ ಕೋಶವಿದೆ. ಊರಿನ ಹೆಸರು ಹಾಕಿ ಹುಡುಕಿ. ಅಲ್ಲಿ ಇನ್ನೊಂದು ಗೊಂದಲ ಕಾದಿರುತ್ತದೆ. ಸಂಸ್ಕೃತಿ ಸಚಿವ ಮಾಲ್ರೋ ಕಾಲದಲ್ಲಿ, 1964ರಲ್ಲಿ, ದೇಶದ ಹಳೇ ಕಟ್ಟಡಗಳ ‘ಇನ್ವೆಂಟರಿ’ ಶುರುವಾಯಿತು. ಬ್ರಿಟನಿಯ ಕಾರೇ ಪ್ರದೇಶದ ಸರ್ವೆ ಅದರ ಮೊದಲ ಫಲಗಳಲ್ಲೊಂದು. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ರಕ್ಷಣೆ ಇದೆ ಅಂತಲ್ಲ. ಅದು ಬರೀ ದಾಖಲೆ. ರಕ್ಷಣೆ ಬರುವುದು ಆದೇಶದಿಂದ.

ಇನ್ನು ಆ ಒದ್ದೆ ಗೋಡೆ. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಇದು. ಅದಕ್ಕಿಂತ ಜಾಸ್ತಿ ಆ ಕೊಟೇಶನ್.

ಹೊರಗಿಂದ ಗಟ್ಟಿ ಬಂಡೆಯಂತೆ ಕಾಣುವ ಈ ಗೋಡೆ ಒಂದೇ ಕಲ್ಲಿನದಲ್ಲ. ಹೊರಮುಖ ಒಂದು, ಒಳಮುಖ ಒಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ಮುಕ್ಕಾಲು ಮೀಟರಿನಷ್ಟು ದಪ್ಪ, ಕೆಲವೆಡೆ ಇನ್ನೂ ಹೆಚ್ಚು. ಸಂದುಗಳಲ್ಲಿ ಮಣ್ಣು, ಹೊರಗಡೆ ಸುಣ್ಣದ ಗಾರೆ. ಗ್ರಾನೈಟ್ ನೀರು ಕುಡಿಯುವುದು ತೀರಾ ಕಡಿಮೆ. ನೀರು ಬರುವುದೂ ಹೋಗುವುದೂ ಸಂದುಗಳ ಮೂಲಕವೇ. ಫಿನಿಸ್ಟೇರ್‌ನಲ್ಲಿ ಮಳೆ ಕಮ್ಮಿಯಲ್ಲ. ರೆನ್‌ನಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಬಿದ್ದರೆ ಬ್ರೆಸ್ಟ್‌ನಲ್ಲಿ ಸುಮಾರು 1200. ಈ ಗೋಡೆ ಮಳೆಗಾಲದಲ್ಲಿ ನೆನೆಯುತ್ತದೆ, ಬಿಸಿಲು ಗಾಳಿಗೆ ಒಣಗುತ್ತದೆ. ಐನೂರು ವರ್ಷ ಹೀಗೇ ನಡೆದಿದೆ. ಸಂದಿಗೆ ಸಿಮೆಂಟ್ ಮೆತ್ತಿದರೆ ಒಣಗುವ ದಾರಿ ಮುಚ್ಚುತ್ತದೆ. ಮಣ್ಣಿನ ಹೂಜಿಗೆ ಹೊರಗಿಂದ ಆಯಿಲ್ ಪೇಂಟ್ ಬಳಿದ ಹಾಗೆ. ಸಿಮೆಂಟಿನ ಕೂದಲೆಳೆ ಬಿರುಕಿನಿಂದ ಮಳೆ ನೀರು ಒಳಗೆ ಹೋಗುತ್ತಲೇ ಇರುತ್ತದೆ, ವಾಪಸ್ ಬರಲು ದಾರಿ ಇರುವುದಿಲ್ಲ. ನಡುವಿನ ಮಣ್ಣು ಕೆಸರಾಗಿ ಕೆಳಗಿಳಿಯುತ್ತದೆ. ಆಮೇಲೆ ಗೋಡೆಯ ಎರಡು ಮುಖಗಳು ಒಂದನ್ನೊಂದು ಬಿಟ್ಟು ಹೊಟ್ಟೆ ಉಬ್ಬಿಸುತ್ತವೆ.

ಈ ವಾರಾಂತ್ಯ ನೀವೇ ಹೋಗಿ ಮೂರು ವಿಷಯ ನೋಡಿಕೊಂಡು ಬನ್ನಿ. ಒಂದು, ಬಾಗಿಲಿನ ಬುಡ. ಆ ಕಾಲದ ಬಾಗಿಲುವಾಡದ ಕಲ್ಲಿನಲ್ಲಿ ಉದ್ದಕ್ಕೆ ಇಳಿದು ಬರುವ ಕೆತ್ತಿದ ಪಟ್ಟಿಗಳಿರುತ್ತವೆ. ಅವು ನೆಲಕ್ಕಿಂತ ಸ್ವಲ್ಪ ಮೇಲೆ ಒಂದು ಪುಟ್ಟ ಪೀಠದ ಮೇಲೆ ನಿಲ್ಲುತ್ತವೆ. ಆ ಪೀಠ ಕಾಣದೆ ಪಟ್ಟಿಗಳು ನೇರ ಮಣ್ಣಿಗೆ ಇಳಿದಿದ್ದರೆ, ಹೊರಗಿನ ನೆಲ ಅಷ್ಟು ಏರಿದೆ ಅಂತ ಅರ್ಥ. ನೂರಾರು ವರ್ಷದ ಸಗಣಿ, ಜಲ್ಲಿ, ಕೊನೆಗೆ ಯಾರೋ ಸುರಿಸಿದ ಡಾಂಬರು. ಒಳನೆಲಕ್ಕಿಂತ ಹೊರನೆಲ ಎತ್ತರ ಇದ್ದರೆ ಗೋಡೆ ಒದ್ದೆಯಾಗದೆ ಇನ್ನೇನು? ಎರಡು, ಸಂದು. ಬೀಗದ ಕೈಯಿಂದ ಗೀರಿ. ಬೂದು ಬಣ್ಣ, ಗೀರೇ ಬೀಳುವುದಿಲ್ಲ ಅಂದರೆ ಸಿಮೆಂಟು. ಬಿಳಿ ಪುಡಿ ಉದುರಿದರೆ ಸುಣ್ಣ. ಹಳದಿ ಮಿಶ್ರಿತ ಕಂದು ಪುಡಿ ಬಂದರೆ ಮಣ್ಣು. ಮೂರು, ಒಳನೆಲ. ಹಳೇ ಮಣ್ಣಿನ ನೆಲ ತೆಗೆದು ಪ್ಲಾಸ್ಟಿಕ್ ಹಾಸಿ ಕಾಂಕ್ರೀಟ್ ಹಾಕಿದ್ದಾರಾ ಅಂತ. ಹಾಗಿದ್ದರೆ ನೆಲದಡಿಯ ತೇವ ಎಲ್ಲ ಗೋಡೆಯ ಬುಡಕ್ಕೆ ಸರಿಯುತ್ತದೆ. ಜೊತೆಗೆ ದೋಣಿ ಕೊಳವೆ ಎಲ್ಲಿ ನೀರು ಬಿಡುತ್ತಿದೆ ಅಂತ ಮಳೆ ಬರುವಾಗಲೇ ನೋಡಿ. ಬಿಸಿಲಲ್ಲಿ ನೋಡಿದರೆ ಗೊತ್ತಾಗುವುದಿಲ್ಲ.

ಈಗ ಕೊಟೇಶನ್ ತೆಗೆದುಕೊಳ್ಳೋಣ. ಕೆಮಿಕಲ್ ಇಂಜೆಕ್ಷನ್ ಇಟ್ಟಿಗೆ ಗೋಡೆಗೆ ಒಂದಿಷ್ಟು ಕೆಲಸ ಮಾಡಬಹುದು. ಚೂರುಕಲ್ಲು ತುಂಬಿದ ಗೋಡೆಯಲ್ಲಿ ಅದು ಟೊಳ್ಳುಗಳಿಗೆ ಹರಿದು ಹೋಗುತ್ತದೆ. ತೇವ ಮೇಲೇರದಂತೆ ತಡೆಯಬೇಕಾದ ಅಡ್ಡ ಪದರ ಎಲ್ಲೂ ಪೂರ್ತಿ ಆಗುವುದಿಲ್ಲ. ದುಡ್ಡು ದಂಡ. ಗೋಡೆಗೆ ತಾಗಿಸಿ ಚರಂಡಿ ತೋಡುವುದು ಅದಕ್ಕಿಂತ ಅಪಾಯ. ಈ ಮನೆಗಳ ಪಾಯ ಬಹಳ ಸಲ ಆಳವೇ ಇರುವುದಿಲ್ಲ. ಬುಡದ ಪಕ್ಕದಲ್ಲೇ ಅಗೆದರೆ ಗೋಡೆ ಜಾರಬಹುದು. ಏರಿದ ನೆಲವನ್ನು ಮೆಲ್ಲಗೆ ತಗ್ಗಿಸಿ, ಇಳಿಜಾರನ್ನು ಮನೆಯಿಂದ ಹೊರಕ್ಕೆ ತಿರುಗಿಸಿ. ಚರಂಡಿ ಬೇಕೇ ಬೇಕೆಂದರೆ ಗೋಡೆಯಿಂದ ಒಂದೆರಡು ಮೀಟರ್ ದೂರದಲ್ಲಿ ತೋಡಿಸಿ. ಹೆಚ್ಚಿನ ಮನೆಗಳಲ್ಲಿ ಅರ್ಧ ಒದ್ದೆ ಇಷ್ಟಕ್ಕೇ ಕಮ್ಮಿಯಾಗುತ್ತದೆ.

ಸಿಮೆಂಟ್ ಸಂದನ್ನು ಉಳಿ ಸುತ್ತಿಗೆಯಲ್ಲೇ ಬಿಡಿಸಬೇಕು. ಗ್ರೈಂಡರ್ ಹಚ್ಚಿದರೆ ಕಲ್ಲಿನ ಅಂಚು ಕತ್ತರಿಸಿ ಹೋಗುತ್ತದೆ, ಆ ಗೀರು ಶಾಶ್ವತ. ಮತ್ತೆ ತುಂಬಲು ಸುಣ್ಣದ ಗಾರೆ. ಇಲ್ಲೂ ಹುಷಾರು. ಅಂಗಡಿಯಲ್ಲಿ ‘ಸುಣ್ಣ’ ಅಂತ ಬರೆದ ಚೀಲದಲ್ಲಿ ಸಿಮೆಂಟ್ ಬೆರೆತಿರುವುದುಂಟು. ಚೀಲದ ಮೇಲೆ ಎನ್‌ಎಚ್‌ಎಲ್ (ಸಿಮೆಂಟ್ ಬೆರೆಸದ ಸುಣ್ಣದ ಗುರುತು) 2 ಅಥವಾ 3.5 ಎಂದಿರಲಿ. 5 ಬೇಡ, ಈ ಗೋಡೆಗೆ ಅದು ಜಾಸ್ತಿ ಗಟ್ಟಿ. ಚಳಿಗಾಲದಲ್ಲಿ ಈ ಕೆಲಸ ಮಾಡಿಸಬೇಡಿ, ಹಿಮಕ್ಕೆ ಹಸಿ ಗಾರೆ ಉದುರುತ್ತದೆ. ಇಷ್ಟೆಲ್ಲ ಆದ ಮೇಲೂ ಇಷ್ಟು ದಪ್ಪದ ಗೋಡೆ ಒಣಗಲು ಒಂದೆರಡು ವರ್ಷ ಹಿಡಿಯಬಹುದು. ಆ ಮಧ್ಯೆ ಯಾರಾದರೂ ಬಂದು ‘ನೋಡಿ, ಇನ್ನೂ ಒದ್ದೆ’ ಅಂತ ಇನ್ನೊಂದು ಕೆಮಿಕಲ್ ಮಾರಲು ನೋಡುತ್ತಾರೆ. ಕಾಯಿರಿ.

ಒಳಗಾರೆ ಕಿತ್ತು ಕಲ್ಲು ತೋರಿಸುವ ಷೋಕಿ ಬಗ್ಗೆ ನನ್ನದು ಖಡಕ್ ಅಭಿಪ್ರಾಯ. ಬೇಡ. ಈ ಮನೆಗಳ ಒಳಗೋಡೆಗೆ ಸುಣ್ಣದ ಗಾರೆ ಇರುತ್ತಿತ್ತು, ಕೆಲವೊಮ್ಮೆ ಅದರ ಮೇಲೆ ಬಣ್ಣದ ಗೆರೆಗಳೂ. ಹೊರಗೂ ಒರಟು ಕಲ್ಲಿನ ಗೋಡೆಗೆ ಗಾರೆ ಹೊದಿಸಿ, ಕೆತ್ತಿದ ಕಲ್ಲನ್ನಷ್ಟೇ ತೋರಿಸುವ ರೂಢಿಯಿತ್ತು. ‘ಬರಿಗಲ್ಲಿನ ಹಳ್ಳಿಮನೆ’ 20ನೇ ಶತಮಾನದ ಫ್ಯಾಷನ್. ಅದರಿಂದ ಮನೆ ಇನ್ನಷ್ಟು ತಣ್ಣಗಾಗುತ್ತದೆ, ಧೂಳು ಉದುರುತ್ತದೆ, ಹಳೇ ಬಣ್ಣದ ಕುರುಹಿದ್ದರೆ ಅದೂ ಕಸದ ಬುಟ್ಟಿಗೆ. ಬೆಚ್ಚಗೆ ಬೇಕಿದ್ದರೆ ಸುಣ್ಣ ಮತ್ತು ಸೆಣಬಿನ ಕಡ್ಡಿಚೂರು ಬೆರೆಸಿದ ದಪ್ಪ ಗಾರೆ ಹಾಕಿಸಿ, ಅಟ್ಟಕ್ಕೆ ಮರದ ನಾರಿನ ಹೊದಿಕೆ ಕೊಡಿ. ಥರ್ಮೋಕೋಲ್ ಹಲಗೆ ಅಂಟಿಸಿದರೆ ಅದರ ಹಿಂದೆ ಬೂಷ್ಟು ಗ್ಯಾರಂಟಿ.

ಪಿವಿಸಿ ಕಿಟಕಿಗೆ ಒಪ್ಪಿಗೆ ಸಿಗುವುದು ಅನುಮಾನ. ಮರದ ಚೌಕಟ್ಟನ್ನೇ ರಿಪೇರಿ ಮಾಡಿಸಿ, ಒಳಗಡೆ ಎರಡನೇ ಗಾಜು ಕೂರಿಸಿ. ಚಳಿಯೂ ಕಮ್ಮಿ, ಖರ್ಚೂ ಕಮ್ಮಿ.

ಗಾಳಿಯ ವಿಷಯದಲ್ಲಿ ಎರಡು ಅಪಾಯಗಳನ್ನು ಆ ಗುತ್ತಿಗೆದಾರರು ಹೇಳಿದಂತಿಲ್ಲ. ಮೊದಲನೆಯದು ರೇಡಾನ್. ಗ್ರಾನೈಟ್ ನೆಲದಿಂದ ಮೇಲೇಳುವ ವಿಕಿರಣ ಅನಿಲ, ವಾಸನೆಯಿಲ್ಲ, ಬಣ್ಣವಿಲ್ಲ. ಬ್ರಿಟನಿಯ ಬಹುಭಾಗ ಹೆಚ್ಚು ರೇಡಾನ್ ಇರುವ ವಲಯದಲ್ಲಿದೆ. ಸಂದುಗೊಂದಿ ಮುಚ್ಚಿ ಗಾಳಿ ಆಡದಂತೆ ಮಾಡಿದರೆ ಅದು ಮನೆಯೊಳಗೆ ಸೇರಿಕೊಳ್ಳುತ್ತದೆ. ಅಗ್ಗದ ಅಳತೆಯ ಡಬ್ಬಿ ಸಿಗುತ್ತದೆ. ಚಳಿಗಾಲದಲ್ಲಿ ಎರಡು ತಿಂಗಳು ಕೆಳಕೋಣೆಯಲ್ಲಿಡಿ. ಘನ ಮೀಟರಿಗೆ 300 ಬೆಕೆರೆಲ್ ದಾಟಿದರೆ ಗಾಳಿಯಾಡುವ ವ್ಯವಸ್ಥೆ ಬೇಕು. ಎರಡನೆಯದು ‘ಮೆರ್ಯೂಲ್’ ಎಂಬ ಶಿಲೀಂಧ್ರ. ಒದ್ದೆ ಮರ, ಕತ್ತಲು, ನಿಂತ ಗಾಳಿ ಇದ್ದರೆ ಸಾಕು. ಹತ್ತಿಯಂಥ ಬಿಳಿ ಪದರ, ತುಕ್ಕಿನ ಬಣ್ಣದ ಪುಡಿ, ಚೌಕ ಚೌಕವಾಗಿ ಬಿರಿದ ಮರ ಇದರ ಗುರುತು. ಗೋಡೆಯೊಳಗೂ ನುಗ್ಗಿ ಆಚೆ ಮರ ಹುಡುಕಿಕೊಂಡು ಹೋಗುತ್ತದೆ. ಕಂಡರೆ ಮೇರಿ ಕಚೇರಿಗೆ ತಿಳಿಸಬೇಕೆಂದು 2014ರಿಂದ ಕಾನೂನೇ ಇದೆ. ಒದ್ದೆ ಗೋಡೆಗೆ ಚುಚ್ಚಿರುವ ತೊಲೆ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮೆತ್ತಗೆ ಇಳಿದರೆ ತಜ್ಞರನ್ನು ಕರೆಸಿ, ಬೇರೆಲ್ಲ ಕೆಲಸ ನಿಲ್ಲಲಿ.

ಈಗ ದುಡ್ಡು. ಇಲ್ಲಿ ಗಡಿಯಾರ ಓಡುತ್ತಿದೆ. ಸೋದರಮಾವನಿಂದ ಸೊಸೆಗೆ ಬರುವ ಆಸ್ತಿಗೆ ಫ್ರಾನ್ಸಿನಲ್ಲಿ 55% ತೆರಿಗೆ ಅನ್ನುವುದು ನಿಜ. ವಿನಾಯಿತಿಯ ಮಿತಿ ಎಂಟು ಸಾವಿರ ಯೂರೋ ಕೂಡ ಇಲ್ಲ. ಆದರೆ ಮನೆಯ ಮುಖ್ಯ ಭಾಗವೆಲ್ಲ ಸ್ಮಾರಕವಾಗಿ ರಕ್ಷಿತವಾಗಿದ್ದರೆ, ಉತ್ತರಾಧಿಕಾರಿ ಸರ್ಕಾರದ ಜೊತೆ ಅವಧಿ ಮಿತಿಯಿಲ್ಲದ ಒಂದು ಒಪ್ಪಂದ ಮಾಡಿಕೊಂಡು ಈ ತೆರಿಗೆಯಿಂದ ಪಾರಾಗಬಹುದು. ಬದಲಿಗೆ ಜನರಿಗೆ ನೋಡಲು ಬಿಡಬೇಕು, ಮನೆಯನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಮುರಿದರೆ ತೆರಿಗೆ ವಾಪಸ್ ಬಂದು ಕುತ್ತಿಗೆಗೆ ಬೀಳುತ್ತದೆ. ಆ ಮೂಲ ಆದೇಶ ಓದಿ ಅಂದದ್ದು ಇದಕ್ಕೇ. ಬರೀ ಒಂದು ಮುಂಭಾಗ ಅಥವಾ ಒಂದು ಒಲೆಗೂಡು ರಕ್ಷಿತವಾಗಿದ್ದರೆ ಈ ದಾರಿ ಮುಚ್ಚಿರಬಹುದು. ಹೆಚ್ಚು ಭಾಗಕ್ಕೆ ರಕ್ಷಣೆ ವಿಸ್ತರಿಸಿ ಎಂದು ನೀವೇ ಅರ್ಜಿ ಹಾಕಬಹುದು, ಆದರೆ ಅದು ನಾಲ್ಕು ತಿಂಗಳಲ್ಲಿ ಮುಗಿಯುವ ಮಾತಲ್ಲ. ತೀರಿಕೊಂಡ ಆರು ತಿಂಗಳೊಳಗೆ ತೆರಿಗೆ ಘೋಷಣೆ ಸಲ್ಲಿಸಬೇಕು. ನಿಮಗೆ ಉಳಿದಿರುವುದು ನಾಲ್ಕೇ. ನಾಳೆಯೇ ನೋಟರಿಗೆ ಫೋನ್ ಮಾಡಿ, ಈ ಒಪ್ಪಂದದ ಬಗ್ಗೆ ನೇರವಾಗಿ ಕೇಳಿ. ಎಲ್ಲ ನೋಟರಿಗಳೂ ಇದನ್ನು ತಾವಾಗಿ ಎತ್ತುವುದಿಲ್ಲ.

ರಿಪೇರಿಗೆ ಸರ್ಕಾರ ಪೂರ್ತಿ ದುಡ್ಡು ಕೊಡುತ್ತದೆ ಅನ್ನುವುದು ಇನ್ನೊಂದು ಕಟ್ಟುಕಥೆ. ಆಂಸ್ಕ್ರಿ ಮನೆಗೆ ಕೇಂದ್ರದ ಸಹಾಯಧನದ ಮಿತಿ 40%. ಅದು ಮಿತಿ, ಹಕ್ಕಲ್ಲ. ಕೈಗೆ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ. ಅರ್ಜಿಗೆ ಮೊದಲೇ ಕೆಲಸ ಶುರುಮಾಡಿದರೆ ಅದೂ ಇಲ್ಲ. ಆದಾಯ ತೆರಿಗೆಯಲ್ಲಿ ಮಾತ್ರ ಒಳ್ಳೆಯ ಅನುಕೂಲವಿದೆ. ಮನೆಯನ್ನು 15 ವರ್ಷ ಇಟ್ಟುಕೊಳ್ಳುವ ಮಾತು ಕೊಟ್ಟರೆ ರಿಪೇರಿ ಖರ್ಚಿನ ಅರ್ಧವನ್ನು ನಿಮ್ಮ ಆದಾಯದಿಂದ ಕಳೆಯಬಹುದು. ಜನರಿಗೆ ತೆರೆದಿಟ್ಟರೆ ಪೂರ್ತಿ. ತೆರೆದಿಡುವುದು ಅಂದರೆ ಜುಲೈನಿಂದ ಸೆಪ್ಟೆಂಬರ್ ಒಳಗೆ 40 ದಿನ, ಇಲ್ಲವೇ ವರ್ಷಕ್ಕೆ 50 ದಿನ. ಆ 50ರಲ್ಲಿ 25 ದಿನ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವಿನ ರಜಾದಿನಗಳಾಗಿರಬೇಕು. ನಿಮ್ಮಿಬ್ಬರ ಸಂಬಳದ ಮೇಲಿನ ತೆರಿಗೆ ದೊಡ್ಡದಿದ್ದರೆ ಇದು ಲಾಭ. ಇಲ್ಲದಿದ್ದರೆ ಕಾಗದದ ಮೇಲಿನ ಲಾಭ ಅಷ್ಟೇ.

ಮಾರುವುದು ತಪ್ಪೇನಲ್ಲ. ನಿಮಗೆ ವಾರಾಂತ್ಯಗಳನ್ನು ಕೊಡಲು ಆಗದಿದ್ದರೆ, ಉಳಿತಾಯವೆಲ್ಲ ಛಾವಣಿಗೇ ಹೋಗುತ್ತದೆ ಅನ್ನುವಂತಿದ್ದರೆ ಮಾರಿ. ಆದರೆ ಒದ್ದೆ ಗೋಡೆ, ಸೋರುವ ಛಾವಣಿಯ ಸಮೇತ ಅವಸರಕ್ಕೆ ಮಾರಿದರೆ ಬೆಲೆ ಬಿದ್ದುಹೋಗುತ್ತದೆ. ನಡುವಿನ ದಾರಿಯೂ ಒಂದಿದೆ: 18ರಿಂದ 99 ವರ್ಷದ ದೀರ್ಘ ಭೋಗ್ಯ. ಊರಿನ ಆಡಳಿತವೋ ಒಂದು ಸಂಘವೋ ಮನೆ ತೆಗೆದುಕೊಂಡು ರಿಪೇರಿ ಮಾಡಿ ಬಳಸುತ್ತದೆ, ಅವಧಿ ಮುಗಿದ ಮೇಲೆ ಮನೆ ನಿಮ್ಮ ಕುಟುಂಬಕ್ಕೆ ಮರಳುತ್ತದೆ. ನೀವು ನೋಡುತ್ತೀರೋ ಮೊಮ್ಮಕ್ಕಳು ನೋಡುತ್ತಾರೋ ಅದು ಬೇರೆ ಮಾತು. ಅಂಥ ಗಟ್ಟಿ ಸಂಘ ಸಿಗುವುದೂ ಸುಲಭವಲ್ಲ.

ಇಟ್ಟುಕೊಳ್ಳುವುದಾದರೆ ಮೊದಲ ಭೇಟಿ ಕೆಂಪೇರ್‌ನಲ್ಲಿರುವ ಜಿಲ್ಲಾ ಪರಂಪರೆ ಕಚೇರಿಗೆ. ಅಲ್ಲಿ ಕೂರುವ ಸರ್ಕಾರಿ ವಾಸ್ತುಶಿಲ್ಪಿಯನ್ನು ಎಬಿಎಫ್ ಎನ್ನುತ್ತಾರೆ. ಸಲಹೆಗೆ ದುಡ್ಡಿಲ್ಲ. ಎಲ್ಲ ತೀರ್ಮಾನ ಮಾಡಿಕೊಂಡು ಸಹಿ ಕೇಳಲು ಹೋದರೆ ಕೆಲಸ ಕೆಡುತ್ತದೆ. ಫೋಟೋ ಹಿಡಿದುಕೊಂಡು ‘ಹೀಗಿದೆ, ಏನು ಮಾಡೋಣ’ ಅಂತ ಕೇಳಿದರೆ ಹೆಚ್ಚಿನವರು ಸಹಾಯಕ್ಕೇ ನಿಲ್ಲುತ್ತಾರೆ. ಕೆಲಸಕ್ಕೆ ಹಳೇ ಕಟ್ಟಡಗಳಲ್ಲಿ ತರಬೇತಾದ ವಾಸ್ತುಶಿಲ್ಪಿಯನ್ನು ಹಿಡಿಯಿರಿ, ಪ್ಯಾರಿಸ್ಸಿನ ಶೈಯೋ ಶಾಲೆಯಲ್ಲಿ ಕಲಿತವರಾದರೆ ಒಳ್ಳೆಯದು. ಗುತ್ತಿಗೆದಾರರ ಕೊಟೇಶನ್ ಬರಬೇಕಾದದ್ದು ಅವರ ವರದಿಯ ನಂತರ.

ಇನ್ನು ತೋಟದ ಪಾರಿವಾಳದ ಗೂಡು. ಇದನ್ನು ಕೀಳಾಗಿ ಕಾಣಬೇಡಿ. ಹಳೇ ಬ್ರಿಟನಿಯ ಕಟ್ಟಳೆಯಲ್ಲಿ ಸುಮಾರು 350 ಎಕರೆ ಜಮೀನಿದ್ದ ಕುಲೀನರಷ್ಟೇ ಇದನ್ನು ಕಟ್ಟಬಹುದಿತ್ತು. ಪಾರಿವಾಳಗಳು ರೈತರ ಬಿತ್ತನೆ ಮೇಯ್ದು ಯಜಮಾನನ ತಟ್ಟೆಗೆ ಬರುತ್ತಿದ್ದವು. 1789ರ ಆಗಸ್ಟ್ 4ರ ರಾತ್ರಿ ಕ್ರಾಂತಿಯ ಸಭೆ ರದ್ದು ಮಾಡಿದ ಹಕ್ಕುಗಳಲ್ಲಿ ಇದೂ ಒಂದು. ಬಳ್ಳಿಯನ್ನು ಸಿಟ್ಟಿನಿಂದ ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ನೆಲದ ಹತ್ತಿರ ಕಾಂಡ ಕತ್ತರಿಸಿ, ಒಂದು ವರ್ಷ ಪೂರ್ತಿ ಒಣಗಲು ಬಿಡಿ, ಆಮೇಲೆ ಕೈಯಿಂದ ಬಿಡಿಸಿ. ಗೋಡೆಯ ತಲೆಯ ಮೇಲೆ ನೀರು ಇಳಿಯದಂತೆ ಸುಣ್ಣದ ಗಾರೆಯ ಒಂದು ಇಳಿಜಾರು ಪದರ ಹಾಕಿಸಿ. ಒಳಗೆ ಇಣುಕುವಾಗ ತಲೆಗೆ ಹೆಲ್ಮೆಟ್ ಇರಲಿ.